ಸಂಪಾದಕರ ಮಾತು: ಹೀಟ್ ನೋಡಿದ ಬಾಸು

ಗಣೇಶನ ಹಬ್ಬದ ಚಂದಾ ಲೆಕ್ಕ ಇನ್ನೂ ಮುಗಿದಿಲ್ಲ. ಪತ್ರಿಕೆ ಮಾತ್ರ ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಲೇಬೇಕು. ಕನ್ನಡ ತರಗತಿಯ ಹುಡುಗನೊಬ್ಬ ಕಳೆದ ವಾರ ಕೇಳಿದ, "ಆಂಟಿ, ಸ್ಟೀಲ್ ಕಂಪನಿಗೆ ಬಾಸ್ ಆಗೋಕೆ ಎಂಬಿಎ ಬೇಕೇ ಬೇಕಾ?" ಬೇಡ ಕಣೋ. ಜರ್ಮನಿಯ ದೊಡ್ಡ ಉಕ್ಕಿನ ಕಂಪನಿ ಥೀಸೆನ್‌ಕ್ರುಪ್ ನಡೆಸಿದ, ನಮ್ಮ ಡ್ಯೂಸ್‌ಬುರ್ಗ್‌ನ ಎಕ್ಕೆಹಾರ್ಡ್ ಶುಲ್ಟ್ಸ್ ಇದ್ದಾರಲ್ಲ!

ಶುಲ್ಟ್ಸ್ ಹುಟ್ಟಿದ್ದು 1941ರಲ್ಲಿ. ಕ್ಲೌಸ್ಟಾಲ್‌ನಲ್ಲಿ ಲೋಹಶಾಸ್ತ್ರ ಓದಿ, ಡಾಕ್ಟರೇಟ್ ಮುಗಿಸಿ, 1972ರಲ್ಲಿ ಥೀಸೆನ್ ಎಂಬ ಉಕ್ಕಿನ ಕಂಪನಿ ಸೇರಿದರು. 1991ರಲ್ಲಿ ಉಕ್ಕಿನ ವಿಭಾಗದ ಮುಖ್ಯಸ್ಥರಾದರು. 1999ರಲ್ಲಿ ಥೀಸೆನ್, ಕ್ರುಪ್ ಎರಡೂ ಕಂಪನಿ ಒಂದಾದಾಗ ಕ್ರುಪ್ ಕಡೆಯ ಗೆರ್ಹಾರ್ಡ್ ಕ್ರೊಮ್ಮೆ ಜತೆ ಜಂಟಿಯಾಗಿ, 2001ರಿಂದ ಒಬ್ಬರೇ ಇಡೀ ಕಂಪನಿ ನಡೆಸಿದರು. ಕ್ರೊಮ್ಮೆ ಕಾನೂನು ಓದಿದವರು.

ಇಲ್ಲಿ ನನಗೆ ಉಕ್ಕಿನ ಕಾರ್ಖಾನೆಯಲ್ಲಿದ್ದ ಅಪ್ಪ ನೆನಪಾಗುತ್ತಾರೆ. ಭದ್ರಾವತಿಯ ನ್ಯೂ ಟೌನ್ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಸೈರನ್ ಕೂಗಿದರೆ ಅಮ್ಮ ಅಕ್ಕಿ ತೊಳೆಯುತ್ತಿದ್ದರು. ಅಪ್ಪನ ಅಂಗಿಯ ತೋಳಿನಲ್ಲಿ ಕಿಡಿ ಹಾರಿ ಆದ ಸಣ್ಣ ತೂತುಗಳು. ಅಮ್ಮ ಹೊಲಿದಷ್ಟೂ ಹೊಸದು. 1923ರಲ್ಲಿ ಕಾಡಿನ ಸೌದೆ ಇದ್ದಿಲು ಉರಿಸಿ ಕಬ್ಬಿಣ ತೆಗೆದದ್ದು, ಕೆಮ್ಮಣ್ಣುಗುಂಡಿಯಿಂದ ಅದಿರು ರೋಪ್‌ವೇಯಲ್ಲಿ ಬರುತ್ತಿದ್ದದ್ದು, ಎಲ್ಲವನ್ನೂ ಅಪ್ಪ ತಾನೇ ವಿಶ್ವೇಶ್ವರಯ್ಯನವರ ಪಕ್ಕ ನಿಂತು ನೋಡಿದ ಹಾಗೆ ಹೇಳುತ್ತಿದ್ದರು. ಹೊಸ ಆಫೀಸರ್ ಬಂದರೆ ಕೇಳುತ್ತಿದ್ದದ್ದು ಒಂದೇ: "ಹೀಟ್ ನೋಡಿದವನೋ, ಬರೀ ಫೈಲ್ ನೋಡಿದವನೋ?" ಹೀಟ್ ಅಂದರೆ ಫರ್ನೇಸಿನಲ್ಲಿ ಒಂದು ಸಲಕ್ಕೆ ಕರಗಿಸಿ ಇಳಿಸುವ ಉಕ್ಕು. 2023ರಲ್ಲಿ ಕಾರ್ಖಾನೆ ಮುಚ್ಚುತ್ತಾರೆ ಅಂತ ಸುದ್ದಿ ಬಂದಾಗ ಅಪ್ಪ ಇರಲಿಲ್ಲ. ಒಳ್ಳೆಯದೇ ಆಯಿತು.

ಶುಲ್ಟ್ಸ್ ಅಪ್ಪನ ಪರೀಕ್ಷೆಯಲ್ಲಿ ಪಾಸು. ಆದರೂ ಅವರ ಕೊನೆಯ ದೊಡ್ಡ ಲೆಕ್ಕ ತಪ್ಪಿತು. ಅದಿರು ಇರುವ ಬ್ರೆಜಿಲ್‌ನಲ್ಲೇ ಅಗ್ಗವಾಗಿ ಉಕ್ಕಿನ ಸ್ಲ್ಯಾಬ್, ಅಂದರೆ ದಪ್ಪ ಹಲಗೆ, ಮಾಡಿ, ಹಡಗಿನಲ್ಲಿ ಅಲಬಾಮಕ್ಕೂ ಜರ್ಮನಿಗೂ ಕಳಿಸಿ, ಅಲ್ಲಿ ಅದನ್ನು ಉರುಳೆಗಳ ನಡುವೆ ಒತ್ತಿ ಹಾಳೆ ಮಾಡುವ ಯೋಜನೆ. ಕೇಳಲು ಚೆನ್ನಾಗಿಯೇ ಇದೆ. ಆದರೆ ಕಟ್ಟುವ ಖರ್ಚು ಏರುತ್ತಲೇ ಹೋಯಿತು, ಬ್ರೆಜಿಲ್‌ನ ಹಣ ದುಬಾರಿಯಾಯಿತು, 2008ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಕೊಳ್ಳುವವರು ಕಡಿಮೆಯಾದರು. ನಷ್ಟ ಶತಕೋಟಿಗಟ್ಟಲೆ ಯೂರೋ. 2011ರ ಜನವರಿಯಲ್ಲಿ ಶುಲ್ಟ್ಸ್ ಕುರ್ಚಿ ಬಿಟ್ಟರು, ವರ್ಷದ ಕೊನೆಗೆ ಮೇಲ್ವಿಚಾರಣಾ ಮಂಡಳಿಯನ್ನೂ ಬಿಟ್ಟರು. ಅಲಬಾಮದ ಘಟಕ 2014ರಲ್ಲಿ, ಬ್ರೆಜಿಲ್‌ನದು 2017ರಲ್ಲಿ ಬೇರೆಯವರ ಪಾಲಾಯಿತು. ಹೀಟ್ ನೋಡಿದವನಿಗೆ ಡಾಲರ್ ರೇಟೂ ಗೊತ್ತಿರಬೇಕು ಅಂದಿದ್ದರೆ ಅಪ್ಪ ಒಪ್ಪುತ್ತಿರಲಿಲ್ಲ, ನನ್ನ ಜತೆ ಜಗಳಕ್ಕೇ ನಿಲ್ಲುತ್ತಿದ್ದರು.

ಎಂಜಿನಿಯರ್ ಆಗಲು 55 ಕಾರಣಗಳಿವೆ ಅಂತ ಶುಲ್ಟ್ಸ್ ಪುಸ್ತಕವನ್ನೇ ಬರೆದಿದ್ದಾರೆ. ನಮ್ಮ ಕಾಲದಲ್ಲಿ ಒಂದೇ ಕಾರಣ ಸಾಕಿತ್ತು, ಮನೆಯಲ್ಲಿ ಹೇಳಿದರು ಅಂತ. ಅಲ್ವಾ?

ಜಾಗ ಮುಗಿಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ಗಣೇಶನ ಪೂಜೆ ಮುಂದಿನ ಶನಿವಾರ, ಹಾಲ್ ಹೋದ ವರ್ಷದ್ದೇ. ಊಟಕ್ಕೆ ಹೆಸರು ಬುಧವಾರದೊಳಗೆ ಕೊಡಿ, ಬಾಗಿಲಲ್ಲಿ ಬಂದು ಕೊಡಬೇಡಿ. ಮಕ್ಕಳ ಶ್ಲೋಕ ಸ್ಪರ್ಧೆ ಪೂಜೆಗೆ ಮುಂಚೆ. ಕೋಸಂಬರಿಗೆ ಸೌತೆಕಾಯಿ ಹೆಚ್ಚುವವರು ಇನ್ನೂ ಯಾರೂ ಸಿಕ್ಕಿಲ್ಲ. ರಾಜ್ಯೋತ್ಸವದ ನಾಟಕಕ್ಕೆ ಗಂಡು ಪಾತ್ರಗಳು ಖಾಲಿ ಇವೆ. ಪತ್ರಿಕೆಯ ಪುಟ ಜೋಡಿಸಿಕೊಡುತ್ತಿದ್ದ ಗೆಳೆಯರು ಬೆಂಗಳೂರಿಗೆ ವಾಪಸ್ ಹೋದರು, ಅವರ ಕೆಲಸವೂ ಈಗ ನನ್ನ ತಲೆಗೇ ಬಂದಿದೆ. ಕನ್ನಡ ಟೈಪಿಂಗ್ ಬರುವವರು ದಯವಿಟ್ಟು ಒಂದು ಫೋನ್ ಮಾಡಿ. ರಾತ್ರಿ ತಡವಾದರೂ ಪರವಾಗಿಲ್ಲ, ಎದ್ದೇ ಇರುತ್ತೇನೆ.