ಅಣ್ಣನಿಗೆ, ವೀರಗಾಸೆಯ ವಿಚಾರವಾಗಿ

ವಿನ್ನಿಪೆಗ್, ಕೆನಡಾ
ಜೂನ್ 24

ಪೂಜ್ಯ ಅಣ್ಣನವರಿಗೆ ನಿಮ್ಮ ತಂಗಿಯ ನಮಸ್ಕಾರಗಳು. ನಾವಿಲ್ಲಿ ಕ್ಷೇಮ, ಅಮ್ಮನ ಮಂಡಿನೋವು ಈಗ ಹೇಗಿದೆಯೆಂದು ತಪ್ಪದೆ ತಿಳಿಸಿರಿ.

ಆಗಸ್ಟ್ 15ಕ್ಕೆ ನಿಮ್ಮ ಶಾಲೆಯ ಮಕ್ಕಳಿಂದ ವೀರಗಾಸೆ ಮಾಡಿಸುವುದಾಗಿಯೂ, ಕಡೂರಿನಿಂದ ವೇಷಭೂಷಣ ಬಾಡಿಗೆಗೆ ತಂದು, ಮೊಬೈಲಿನ ವೀಡಿಯೊ ತೋರಿಸಿ ಹೆಜ್ಜೆ ಕಲಿಸುವುದಾಗಿಯೂ ಬರೆದಿದ್ದೀರಿ. ಆ ಪತ್ರ ಕೈಸೇರಿದ ವಾರದಲ್ಲೇ ಪುಟ್ಟಿಯ ಶಾಲೆಯಲ್ಲಿ ನಾನು ಕಂಡದ್ದನ್ನು ನಿಮಗೆ ಹೇಳದಿರಲಾರೆ.

ಜೂನ್ 21 ಇಲ್ಲಿ ಮೂಲನಿವಾಸಿಗಳ ದಿನ, 1996ರಿಂದ ಆಚರಿಸುತ್ತಾರೆ. ಅದರ ಅಂಗವಾಗಿ ಒಜಿಬ್ವೆ ಜನಾಂಗದ ಹಿರಿಯ ಮಹಿಳೆಯೊಬ್ಬರು ಬಂದಿದ್ದರು. ಕುಣಿತಕ್ಕಾಗಿ ಕಾದು ಕುಳಿತಿದ್ದ ಮಕ್ಕಳ ಅಂಗೈಗೆ ಅವರು ಮೊದಲು ಒಂದೊಂದು ತಗಡಿನ ತುಂಡು ಇಟ್ಟರು: ಕಡಲೆಕಾಯಿಯ ಪೊಟ್ಟಣದ ಹಾಗೆ ಸುತ್ತಿದ್ದು, ಕಿರುಬೆರಳಿನಷ್ಟು ಉದ್ದ. ಜಿಂಗಲ್ ಡ್ರೆಸ್ ಎಂಬ ಉಡುಪಿಗೆ ಇಂಥವನ್ನು ಸಾಲುಸಾಲಾಗಿ ಹೊಲಿದಿರುತ್ತಾರೆ. ಹಿಂದೆ ನಶ್ಯದ ಡಬ್ಬಿಯ ಮುಚ್ಚಳಗಳನ್ನೇ ಸುತ್ತಿ ಮಾಡುತ್ತಿದ್ದರಂತೆ. ನಮ್ಮ ಅಜ್ಜನ ಡಬ್ಬಿ ನೆನಪಾಗಿ ನನಗೆ ನಗು ಬಂತು. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ, ಹಾಸಿಗೆ ಹಿಡಿದ ಮಗಳಿಗಾಗಿ ತಂದೆಯೊಬ್ಬ ಕಂಡ ಕನಸಿನಿಂದ ಈ ಉಡುಪೂ ಕುಣಿತವೂ ಹುಟ್ಟಿದವೆಂದು ಅವರ ಹಿರಿಯರು ಹೇಳುತ್ತಾರೆ. ನಮ್ಮ ಮೈಸೂರು ಸೀಮೆಯನ್ನೂ ಬಿಡದೆ ಕಾಡಿದ ಜ್ವರ ಅದೇ. ಆ ಸದ್ದು ಕಾಯಿಲೆಯವರಿಗಾಗಿ ಮಾಡುವ ಪ್ರಾರ್ಥನೆಯಾದ್ದರಿಂದ ಉಡುಪನ್ನು ವೇಷವೆಂದು ಕರೆಯಬಾರದೆಂದು ತಿಳಿಹೇಳಿದ ಮೇಲೆಯೇ ಆಕೆ ಎದ್ದು ನಿಂತರು. ಒಂದೇ ದೊಡ್ಡ ಡ್ರಮ್ಮಿನ ಸುತ್ತ ನಾಲ್ವರು ಕುಳಿತು ಬಾರಿಸುತ್ತ ಹಾಡುತ್ತಿದ್ದರೆ, ಪಾದವನ್ನು ನೆಲದಿಂದ ಹೆಚ್ಚು ಎತ್ತದೆ ಕುಣಿಯುತ್ತಿದ್ದ ಆಕೆ, ಪೆಟ್ಟು ಜೋರಾದಾಗಲೆಲ್ಲ ಗರಿಯ ಬೀಸಣಿಗೆಯನ್ನು ಮೇಲೆತ್ತುತ್ತಿದ್ದರು. ನಾನು ಫೋನು ಹೊರತೆಗೆದೆ. ಈ ಹಾಡಿಗೆ ಬೇಡವೆಂದು ಕೈಸನ್ನೆ ಮಾಡಿದರು. ನಾಚಿಕೆಯಾಗಿ ಒಳಗಿಟ್ಟೆ.

ಪಶ್ಚಿಮ ಕರಾವಳಿಯ ಮೂಲನಿವಾಸಿಗಳು ಔತಣ, ಕುಣಿತ, ಉಡುಗೊರೆಗಳೊಂದಿಗೆ ನಡೆಸುವ ಪಾಟ್ಲಾಚ್ ಎಂಬ ಆಚರಣೆಯನ್ನು ಈ ದೇಶದ ಕಾನೂನು 1885ರಿಂದ 1951ರವರೆಗೆ ನಿಷೇಧಿಸಿತ್ತು. ಮೂಲನಿವಾಸಿಗಳ ಮಕ್ಕಳನ್ನು ಇರಿಸುತ್ತಿದ್ದ ವಸತಿ ಶಾಲೆಗಳಲ್ಲಿ ಅವರಿಗೆ ತಾಯ್ನುಡಿಯನ್ನೂ ಆಡಗೊಡುತ್ತಿರಲಿಲ್ಲ. ಶಾಲೆಯೇ ಕಿತ್ತುಕೊಂಡದ್ದನ್ನು ಶಾಲೆಗೇ ಬಂದು ಮಕ್ಕಳಿಗೆ ಕೊಡುವುದು ಸಣ್ಣ ಮಾತಲ್ಲ.

ಅಣ್ಣಾ, ನಮ್ಮ ಮಕ್ಕಳು ಕತ್ತಿ ಹಿಡಿದು ಚೆನ್ನಾಗಿಯೇ ಕುಣಿದಾರು. ಆದರೆ ದಕ್ಷಯಜ್ಞದ ಕಥೆ ಹೇಳುವ ಒಡಪು ಕಿವಿಗೆ ಬೀಳದೆ, ಕರಡೆ, ಸಂಬಾಳ ವಾದ್ಯಗಳನ್ನು ಕೈಯಿಂದ ಮುಟ್ಟದೆ ಕುಣಿದದ್ದು ವೀರಗಾಸೆ ಹೇಗಾದೀತು? ನಮ್ಮೂರ ವೀರಭದ್ರನ ಜಾತ್ರೆಯಲ್ಲಿ ಒಡಪು ಹೇಳುತ್ತಿದ್ದ ಹಿರಿಯರು ‘ಆಹಾ ರುದ್ರಾ’ ಎಂದು ದನಿಯೆತ್ತಿದೊಡನೆ ನೀವು ನನ್ನ ಕೈ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಿರಿ. ತಂಗಿ ಹೆದರಿದಳೆಂದು ಆಮೇಲೆ ಮನೆಯಲ್ಲಿ ಹೇಳುತ್ತಿದ್ದಿರಿ. ಅವರನ್ನೇ ಒಂದೆರಡು ಶನಿವಾರ ಶಾಲೆಗೆ ಕರೆಸಿರಿ. ಯಾವುದನ್ನು ಮಕ್ಕಳು ಮಾಡಬಹುದು, ಯಾವುದನ್ನು ದೇವರ ಮುಂದೆ ದೀಕ್ಷೆಯವರೇ ಮಾಡಬೇಕು ಎಂಬುದನ್ನು ಅವರೇ ಹೇಳಲಿ. ವೇಷದ ಬಾಡಿಗೆಗೆಂದು ಎತ್ತಿಟ್ಟ ಹಣವನ್ನು ಅವರಿಗೆ ಸಂಭಾವನೆಯಾಗಿ ಕೊಡಿರಿ; ಸಾಲದಿದ್ದರೆ ಉಳಿದದ್ದನ್ನು ನಾನು ಕಳುಹಿಸುತ್ತೇನೆ.

ಅವರು ಈಗಲೂ ಊರಿನಲ್ಲಿಯೇ ಇದ್ದಾರೆಯೇ, ಮಗನ ಜೊತೆ ತರೀಕೆರೆಗೆ ಹೋದರೇ ಎಂಬುದನ್ನು ವಿಚಾರಿಸಿ ಬರೆಯಿರಿ.

ಇಂತಿ,
ನಿಮ್ಮ ತಂಗಿ