ಮಳೆಗೆ ನಿಂತವರಿಗೆ

ಮೊನ್ನೆ 31ನೇ ತಾರೀಕು ಸಂಜೆ ನನ್ನ ಕೆಲಸ ಮುಗಿಯಿತು. ಮಂಗಳೂರಿನ ಒಂದು ಗ್ರಂಥಾಲಯದಲ್ಲಿ 32 ವರ್ಷ. ಅದರಲ್ಲಿ ಜಾಸ್ತಿ ವರ್ಷ ಕೂತದ್ದು ಬಾಗಿಲ ಹತ್ತಿರದ ಮೇಜಿನಲ್ಲೇ. ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯಲ್ಲಿದ್ದ ಅನಾನಸಿನ ಮುಳ್ಳು ಶಾಲಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುವಷ್ಟರಲ್ಲಿ ಮಾತಿನ ಸರದಿ ಬಂತು. "ಎಲ್ಲರಿಗೂ ವಂದನೆ" ಅಂದು ಕೂತುಬಿಟ್ಟೆ. ಹೇಳಬೇಕಾದ ಹೆಸರುಗಳು ಬಾಯಲ್ಲೇ ಉಳಿದವು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲ ವಂದನೆ ನಮ್ಮಲ್ಲಿ ಕಸ ಗುಡಿಸುತ್ತಿದ್ದ ಅಕ್ಕನಿಗೆ. ಅವರು ಈಗ ಇಲ್ಲ.

ನಾನು ಸೇರಿದ ಎರಡನೇ ವರ್ಷ, ಮೇ ತಿಂಗಳ ಕೊನೆ. ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಹೊಡೆಯಿತು. ಮೀನಿನ ದೋಣಿ ನಿಲ್ಲುವ ಧಕ್ಕೆಯಲ್ಲಿ ಕೆಲಸ ಮಾಡುವ ಒಬ್ಬರು ಜಗಲಿಗೆ ಓಡಿ ಬಂದರು. ಲುಂಗಿಯಿಂದ ನೀರು ಇಳಿಯುತ್ತಿತ್ತು, ಮೈಯಲ್ಲಿ ಮೀನಿನ ವಾಸನೆ. ಬಾಗಿಲಿಗೆ ಬಂದು ಇಣುಕಿದರು. ನಾನು ತಲೆ ಎತ್ತದೆ, "ಒಳಗೆ ಓದುವವರು ಇದ್ದಾರೆ, ಹೊರಗೇ ನಿಲ್ಲಿ" ಅಂದೆ. ಅವರು ಏನೂ ಹೇಳಲಿಲ್ಲ. ಹೋಗಿ ಕಿಟಕಿಯ ಸರಳಿನ ಆಚೆ ನಿಂತು ಒಳಗಿದ್ದ ಪೇಪರ್ ಸ್ಟ್ಯಾಂಡನ್ನೇ ನೋಡುತ್ತಿದ್ದರು. ಹತ್ತು ನಿಮಿಷ ಆಗಿರಬಹುದು. ಅಕ್ಕ ಪೊರಕೆ ಗೋಡೆಗೆ ಒರಗಿಸಿ ನನ್ನ ಹತ್ತಿರ ಬಂದು ತುಳುವಿನಲ್ಲಿ ಅಂದರು: "ಟೀಚರೇ, ಮೇರೆಗ್ ಪೇಪರ್ ತೂವೊಡುಗೆ." ಅವರಿಗೆ ಪೇಪರ್ ನೋಡಬೇಕಂತೆ. (ಪುಸ್ತಕ ಹಿಡಿದ ಹೆಂಗಸರೆಲ್ಲ ಅಕ್ಕನಿಗೆ ಟೀಚರೇ.)

ಅವರ ಕಿಸೆಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ, ಅದರೊಳಗೆ ಮಡಚಿದ ಚೀಟಿ. ಚೀಟಿಯಲ್ಲಿ ಮಗಳ ಎಸ್ಸೆಸ್ಸೆಲ್ಸಿ ನಂಬರ್. ಆಗೆಲ್ಲ ರಿಸಲ್ಟ್ ಪೇಪರಿನಲ್ಲಿ ಬರುತ್ತಿತ್ತು, ಸಾಸಿವೆ ಗಾತ್ರದ ಅಕ್ಷರ. ನಾನು ಪೇಪರ್ ಹರಡಿ ಬೆರಳಿಟ್ಟು ಹುಡುಕಿದೆ. ಆಚೆ ಈಚೆಯ ನಂಬರ್ ಇತ್ತು, ಅದೊಂದು ಇಲ್ಲ. ಮೂರು ಸಲ ನೋಡಿದೆ. ಮೂರನೇ ಸಲ ನೋಡುವಾಗ ಅವರೇ ನನಗೆ ಸಮಾಧಾನ ಹೇಳಿದರು: "ಇರ್ಲಿ ಬಿಡಿ, ಸೆಪ್ಟೆಂಬರಿಗೆ ಕಟ್ಟಲಿಕ್ಕೆ ಉಂಟಲ್ಲ." ಚೀಟಿಯನ್ನು ಮತ್ತೆ ತೊಟ್ಟೆಗೆ ಹಾಕಿ, ಮಳೆ ನಿಲ್ಲುವ ಮೊದಲೇ ಇಳಿದು ಹೋದರು.

ಅವರ ಹೆಸರು ಕೇಳಬೇಕಂತ ನನಗೆ ಹೊಳೆಯಲೇ ಇಲ್ಲ.

ಮರುವಾರ ಪೇಪರ್ ಸ್ಟ್ಯಾಂಡನ್ನು ಜಗಲಿಗೆ ತಂದಿಟ್ಟೆವು. ಮರದ ಮಿಲ್ಲಿನವರೊಬ್ಬರು ಒಂದು ಬೆಂಚು ಮಾಡಿಸಿ ಕೊಟ್ಟರು. ಅವರಿಗೂ ವಂದನೆ. ಕೊಡೆ ಇಡಲು ಅಕ್ಕ ಒಂದು ಹಳೇ ಬಕೆಟ್ ತಂದರು. ಅಲ್ಲಿವರೆಗೆ ನೀರು ಸೋರುವ ಕೊಡೆ ಹಿಡಿದು ಬಂದವರನ್ನು ನಾವು ಬಾಗಿಲಲ್ಲೇ ಗದರುತ್ತಿದ್ದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ಊರಲ್ಲಿ ಕೊಡೆಗೆ ಜಾಗ ಇಲ್ಲದ ಗ್ರಂಥಾಲಯ! ಬೆಂಚು ಹಾಕಿದ್ದಕ್ಕೆ ಮೇಲಿನವರೊಬ್ಬರು "ಇದೇನು ಬಸ್ ಸ್ಟ್ಯಾಂಡಾ?" ಅಂತ ಕೇಳಿದ್ದೂ ಆಯಿತು. ಆದರೆ ಮಳೆಗೆ ನಿಂತವರು ಪೇಪರ್ ತಿರುವಿದರು, ಪೇಪರ್ ತಿರುವಿದವರು ಒಳಗೆ ಬಂದರು. ಎಲ್ಲರೂ ಅಲ್ಲ. ಕೆಲವರು ಸುಮ್ನೆ ಕೂತು ಮಳೆ ನಿಂತ ಮೇಲೆ ಎದ್ದು ಹೋದರು. ಅದೂ ಆಗಬಹುದು.

ಎರಡನೆಯದು ಒಬ್ಬ ಅಜ್ಜಿಗೆ. ಮೊಮ್ಮಗನನ್ನು ಕರಕೊಂಡು ಬಂದಿದ್ದರು. ನಮ್ಮ ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಬಂದ ಹೊತ್ತು, ಹೋದ ಹೊತ್ತು, ಉದ್ದೇಶ, ಸಹಿ ಅಂತ ಆರು ಕಾಲಂ. ನಾನು ಪೆನ್ನು ಮುಂದೆ ಹಿಡಿದೆ. ಅಜ್ಜಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, "ಅವನು ಹೋಗಲಿ, ನಾನು ಹೊರಗೇ ಕೂರ್ತೇನೆ" ಅಂದರು. ಬರೆಯಲು ಬರುವುದಿಲ್ಲ ಅಂತ ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆವತ್ತಿನಿಂದ ನಾನೇ ಕೇಳಿ ಬರೆದುಕೊಳ್ಳತೊಡಗಿದೆ. ಅಜ್ಜಿಯ ಹತ್ತಿರವೂ ಉದ್ದೇಶ ಕೇಳಿದೆ. "ಸೆಕೆ ಮಗಾ, ಫ್ಯಾನ್ ಉಂಟಲ್ಲ" ಅಂದರು. 'ಫ್ಯಾನಿನ ಗಾಳಿ' ಅಂತಲೇ ಬರೆದೆ. ಆ ವರ್ಷದ ತಪಾಸಣೆಯಲ್ಲಿ ಅದರ ಕೆಳಗೆ ಕೆಂಪು ಗೆರೆ ಬಿತ್ತು.

ಗ್ರಂಥಾಲಯದ ಕೋರ್ಸಿನಲ್ಲಿ ಎಸ್. ಆರ್. ರಂಗನಾಥನ್ ಅವರ ಐದು ನಿಯಮಗಳನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಪುಸ್ತಕ ಇರುವುದು ಬಳಸಲಿಕ್ಕೆ, ಓದುಗರ ಹೊತ್ತು ಉಳಿಸಿ, ಹೀಗೆ. 1931ರಲ್ಲಿ ಅವರು ಬರೆದದ್ದು. ಪರೀಕ್ಷೆಗೆ ಬರೆದು ಮರೆತಿದ್ದೆ. ಬೆಂಚಿನ ಜಗಳ ಆದ ಮೇಲೆ ತೆಗೆದು ಸರಿಯಾಗಿ ಓದಿದೆ. ಮೊದಲ ನಿಯಮದ ವಿವರಣೆಯಲ್ಲೇ ಗ್ರಂಥಾಲಯ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕುರ್ಚಿ ಮೇಜು ಹೇಗಿರಬೇಕು, ಕೆಲಸದವರು ಹೇಗಿರಬೇಕು ಎಲ್ಲ ಉಂಟು! ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ಅವರು 1924ರಲ್ಲಿ ಮದ್ರಾಸಿನಲ್ಲಿ ಗ್ರಂಥಪಾಲಕರಾಗುವ ಮೊದಲು ಗಣಿತದ ಮೇಷ್ಟ್ರು. 1917ರಲ್ಲಿ ಕೆಲಸಕ್ಕೆ ಸೇರಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೇ, ಹಂಪನಕಟ್ಟೆಯ ಈಗಿನ ಯೂನಿವರ್ಸಿಟಿ ಕಾಲೇಜು. ಅವರೂ ಇಲ್ಲಿನ ಮಳೆಗೆ ಎಲ್ಲಾದರೂ ಜಗಲಿಯಲ್ಲಿ ನಿಂತಿರಬಹುದು ಅಲ್ವಾ? ಆಗಸ್ಟ್ 12 ಅವರ ಹುಟ್ಟಿದ ದಿನ, ಗ್ರಂಥಪಾಲಕರ ದಿನ. ನಮ್ಮಲ್ಲಿ ಆಟಿ ಅನ್ನುವ ತುಳು ತಿಂಗಳಿನ ಮಳೆಯ ಕಾಲ. ಪ್ರತಿ ವರ್ಷ ಆ ದಿನ ಅವರ ಫೋಟೋಕ್ಕೆ ಹಾರ ಹಾಕಿ ನಾನು ಆ ಬಕೆಟನ್ನು ತಿಕ್ಕಿ ತೊಳೆಯುತ್ತಿದ್ದೆ.

ಹೊಸ್ತಿಲಲ್ಲಿ ನಿಂತು ನಾನೇ ಹೆದರಿದ್ದೂ ಉಂಟು. ಜುಲೈ 1ರ ಪತ್ರಿಕಾ ದಿನಕ್ಕೆ ಒಂದು ಸಣ್ಣ ಪ್ರದರ್ಶನ ಮಾಡಬೇಕಿತ್ತು. 1843ರಲ್ಲಿ ಅದೇ ದಿನ ಬಾಸೆಲ್ ಮಿಷನ್ನಿನ ಪಾದ್ರಿ ಹೆರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ತಂದರಲ್ಲ, ಕಲ್ಲಚ್ಚಿನಲ್ಲಿ, ಕನ್ನಡದ ಮೊದಲ ಪತ್ರಿಕೆ. ಆ ಮಿಷನ್ನಿನ ಹಳೇ ದಾಖಲೆಗಳು ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲಿ ಉಂಟು ಅಂತ ಹೋದೆ. ಗೇಟಿನ ಹೊರಗೆ ಕಾಲು ಗಂಟೆ ನಿಂತು, ಏನು ಕೇಳುವುದು, ಯಾವ ಭಾಷೆಯಲ್ಲಿ ಕೇಳುವುದು ಅಂತ ಯೋಚಿಸಿದೆ. ಒಳಗೆ ಸಿಕ್ಕಿದವರು ಏನೂ ಕೇಳಲಿಲ್ಲ. "ನಡಕೊಂಡು ಬಂದ್ರಾ? ಗುಡ್ಡೆ ಹತ್ತುವಾಗ ಸಾಕಾಗ್ತದೆ" ಅಂದು ಹೊರಗಿನ ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟರು. ನಮ್ಮೂರ ಮನೆಗಳಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಬಂದ ಕಾರ್ಯ. ಅದೇ ಕ್ರಮ. ಒಳಗೆ ಹೋಗುವಾಗ ನನ್ನ ಪೆನ್ನು ತೆಗೆದಿಟ್ಟು ಚೂಪು ಮಾಡಿದ ಪೆನ್ಸಿಲ್ ಕೊಟ್ಟರು. "ಶಾಯಿ ಬಿದ್ರೆ ಹೋಗುವುದಿಲ್ಲ, ಪೆನ್ಸಿಲ್ ಆದ್ರೆ ಉಜ್ಜಬಹುದು." ಕಾರಣ ಹೇಳಿದ ನಿಯಮ ನನಗೆ ಭಾರ ಅನ್ನಿಸಲಿಲ್ಲ. ಹಿಂದೆ ಬಂದು ನಮ್ಮ 'ಚೀಲ ಒಳಗೆ ತರಬಾರದು' ಬೋರ್ಡಿನ ಕೆಳಗೆ 'ಒಳಗೆ ಜಾಗ ಇಕ್ಕಟ್ಟು' ಅಂತ ಸೇರಿಸಿದೆ. ನಿಜವಾದ ಕಾರಣ ಕಳ್ಳತನದ ಹೆದರಿಕೆ. ಅಷ್ಟು ಸುಳ್ಳು ಇರಲಿ ಅಂದುಕೊಂಡೆ.

ಬಿಜೈಯ ಮ್ಯೂಸಿಯಂಗೆ ನನ್ನ ಜೊತೆ ಬಂದ ಮಕ್ಕಳಿಗೂ ವಂದನೆ. ಕರ್ನಲ್ ಮಿರಾಜಕರ್ ಅವರು ಕೊಟ್ಟ, ಅವರ ತಾಯಿ ಶ್ರೀಮಂತಿ ಬಾಯಿಯವರ ಹೆಸರಿನ ಆ ಕಟ್ಟಡ ಹಡಗಿನಂತೆ ಉಂಟು. ಮಕ್ಕಳಿಗೆ ವಿಗ್ರಹ, ನಾಣ್ಯ ಎಲ್ಲ ಆಮೇಲೆ. ಮೊದಲು "ಇದರ ಎಂಜಿನ್ ಎಲ್ಲಿ?" ಅಂತ ಹುಡುಕಬೇಕು. ನಾನು ಮೊದಲೆಲ್ಲ ಸಾಲಾಗಿ ನಿಲ್ಲಿಸಿ ವಿವರಿಸುತ್ತಿದ್ದೆ. ಆಮೇಲೆ ಬಿಟ್ಟೆ. ಎಂಜಿನ್ ಹುಡುಕಿ ಮುಗಿದ ಮೇಲೆ ಅವರೇ ಬಂದು ಕೇಳುತ್ತಿದ್ದರು.

ಕಣ್ಣು ಕಾಣದ ಒಬ್ಬ ಹುಡುಗ ಮೂರು ವರ್ಷ ನಮ್ಮಲ್ಲಿಗೆ ಬರುತ್ತಿದ್ದ. ಹಳೇ ಪೇಪರ್ ಇಡುವ ಕೋಣೆಯಲ್ಲಿ ಕೂತು ಅವನಿಗೆ ಪಾಠ ಓದಿ ಹೇಳುತ್ತಿದ್ದೆ. ಮೊದಲ ದಿನ ಕೈ ಹಿಡಿದು ಎಳೆದುಕೊಂಡು ಹೋಗಿದ್ದೆ. "ಮೇಡಂ, ನೀವು ನನ್ನನ್ನು ಹಿಡಿಯಬೇಡಿ, ನಾನು ನಿಮ್ಮ ಮೊಣಕೈ ಹಿಡಿಯುತ್ತೇನೆ" ಅಂದ. ಅದನ್ನು ಯಾವ ಕೋರ್ಸಿನಲ್ಲೂ ಕಲಿಸಿರಲಿಲ್ಲ.

ಮನೆಯವರಿಗೆ ಏನು ಹೇಳಲಿ, ಶನಿವಾರ ಭಾನುವಾರಗಳನ್ನೂ ಬಿಟ್ಟುಕೊಟ್ಟವರು. ಅವರಿಗೆ ಗೊತ್ತುಂಟು.

ನನ್ನ ಕುರ್ಚಿಗೆ ಬಂದ ಹುಡುಗಿಗೆ ಬೀಗದ ಕೈ, ರಿಜಿಸ್ಟರ್, ಸೀಲು ಎಲ್ಲ ಲೆಕ್ಕ ಮಾಡಿ ಕೊಟ್ಟಿದ್ದೇನೆ. ಒಂದು ಮಾತು ಬಿಟ್ಟುಹೋಯಿತು. ಮಗಾ, ಕೊಡೆಯ ಬಕೆಟಿನ ತಳ ಸಣ್ಣಗೆ ಸೀಳಿದೆ. ಮಳೆ ಹಿಡಿಯುವ ಮೊದಲು ಅಡಿಗೆ ಒಂದು ಗೋಣಿ ಹಾಕು, ಇಲ್ಲದಿದ್ದರೆ ಬಾಗಿಲಲ್ಲಿ ಬರುವವರು ಜಾರುತ್ತಾರೆ.