ಖಾಲಿ ಮೆಟ್ಟಿಲಿಗೆ ಆಕ್ಷನ್ ಹೇಳಿದ ರಾತ್ರಿ

ನಾನು ನಿರ್ದೇಶಿಸಿದ ಸಿನಿಮಾದ ಫಸ್ಟ್ ಕಾಪಿ, ಅಂದರೆ ಎಲ್ಲ ಕೆಲಸ ಮುಗಿದ ಮೊದಲ ಪ್ರತಿ, ನೋಡಿ ಈಗಷ್ಟೇ ಮನೆಗೆ ಬಂದೆ. ನಿದ್ದೆ ಬರುವ ಲಕ್ಷಣ ಇಲ್ಲ. ನಮ್ಮ ದೆವ್ವದ ಹುಡುಗಿ ಪರದೆ ಮೇಲೆ ನಕ್ಕಳು, ಕೂತವರೂ ನಕ್ಕರು. ಈ ಸಿನಿಮಾದ ಕೆಲಸ ನಡುವೆ ಎರಡು ಸಲ ನಿಂತಿತ್ತು, ಯಾಕೆ ಅನ್ನೋದನ್ನು ಈಗ ಕೆದಕಲ್ಲ.

ಹೀರೋಗೆ ಮಾತ್ರ ಕಾಣುವ ಹುಡುಗಿಯ ಪ್ರೇಮಕಥೆ ಬರೆಯೋದು ಸುಲಭ. ತೆಗೆಯಲು ಹೊರಟಾಗ ಗೊತ್ತಾಯಿತು, ಒಂದೊಂದು ಸೀನನ್ನೂ ಎರಡೆರಡು ಸಲ ತೆಗೀಬೇಕು: ಅವನಿಗೆ ಕಂಡಂತೆ ಒಮ್ಮೆ, ಅವನು ಗಾಳಿ ಜೊತೆ ಮಾತಾಡ್ತಿದ್ದಾನೆ ಅಂದುಕೊಂಡವರಿಗೆ ಕಂಡಂತೆ ಇನ್ನೊಮ್ಮೆ. ಎರಡರಲ್ಲೂ ಅವನ ಕಣ್ಣು ಒಂದೇ ಎತ್ತರದಲ್ಲಿ ನಿಲ್ಲಬೇಕು. ಚೂರು ಜಾರಿದರೂ ಅವಳ ಹಣೆಯಲ್ಲಿ ಏನೋ ಹುಡುಕುತ್ತಿರುವ ಹಾಗೆ ಕಾಣುತ್ತದೆ.

ಈ ಲೆಕ್ಕವನ್ನೆಲ್ಲ ಇಟ್ಟವಳು ಕಂಟಿನ್ಯೂಟಿ, ಅಂದರೆ ಒಂದು ಶಾಟಲ್ಲಿದ್ದದ್ದು ಮುಂದಿನದರಲ್ಲೂ ಹಾಗೇ ಇದೆಯಾ ಅಂತ, ನೋಡುತ್ತಿದ್ದ ಹುಡುಗಿ. "ಹೆಸರು ಹಾಕ್ಬೇಡಿ ಸರ್" ಅಂದಿದ್ದಾಳೆ, ಹಾಕಲ್ಲ.

ರೋಪ್ ಶಾಟಿನ ರಾತ್ರಿ. ಹೀರೋಯಿನ್ ರೋಪಿಗೆ ನೇತಾಡುತ್ತ ಮಹಡಿಯಿಂದ ತೇಲಿಕೊಂಡು ಇಳಿಯಬೇಕು. 40 ಸೆಕೆಂಡ್, ಕ್ಯಾಮೆರಾ ಅಲುಗಾಡುವಂತಿಲ್ಲ. ಶಾಟ್ ಓಕೆ ಆಯಿತು, ಚಪ್ಪಾಳೆ ಬಿತ್ತು, ಆ ಖುಷಿಯಲ್ಲಿ ಪ್ಯಾಕಪ್ ಕೂಗಿಬಿಟ್ಟೆ. ಟ್ರೈಪಾಡ್ ಎತ್ತಿದ ಮೇಲೆ ನೆನಪಾಯಿತು, ಕ್ಲೀನ್ ಪ್ಲೇಟ್ ತೆಗೆದಿಲ್ಲ. ಯಾರೂ ಇಲ್ಲದ ಖಾಲಿ ಫ್ರೇಮ್ ಅದು. ರೋಪ್ ಅಳಿಸಿದ ಜಾಗಕ್ಕೆ ಹಿಂದಿನ ಗೋಡೆಯನ್ನು ಅದರಿಂದಲೇ ತಂದು ತುಂಬುವುದು. ಅದಿಲ್ಲದಿದ್ದರೆ ಸೆಕೆಂಡಿಗೆ 24ರ ಲೆಕ್ಕದಲ್ಲಿ 960 ಫ್ರೇಮಿಗೆ ತೇಪೆ ಹಾಕುತ್ತ ಕೂರಬೇಕು. ಸಿಜಿಗೆ, ಅಂದರೆ ಇಂಥ ಕಂಪ್ಯೂಟರ್ ಗ್ರಾಫಿಕ್ಸ್ ಕೆಲಸಕ್ಕೆ, ಎಷ್ಟು ದುಡ್ಡು ಉಳಿದಿದೆ ಅನ್ನೋದು ಗೊತ್ತಿದ್ದವನು ನಾನೊಬ್ಬನೇ.

ಮೆಟ್ಟಿಲ ಮೇಲೆ ಕೂತುಬಿಟ್ಟೆ. "ನನ್ನ ಕೈಲಾಗಲ್ಲ, ಇಲ್ಲಿಗೆ ಬಿಡೋಣ" ಅಂದೆ. ಶಾಟಿನ ಬಗ್ಗೆ ಆಡಿದ ಮಾತಲ್ಲ ಅದು. ಅಳು ಬಂತು, ತಡೆಯಲೂ ಇಲ್ಲ. ಕಂಟಿನ್ಯೂಟಿ ಹುಡುಗಿ ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಕೂತು, ನಾನು ಮೂಗು ಒರೆಸಿಕೊಳ್ಳುವವರೆಗೂ ಕಾದು, ನೋಟ್‌ಬುಕ್ ತೆಗೆದು ಓದಿದಳು: "50 ಎಂಎಂ ಲೆನ್ಸ್. ಎತ್ತರ 4 ಅಡಿ 2 ಇಂಚು. ಬಾಗಿಲಿಂದ 18 ಅಡಿ. ಟ್ರೈಪಾಡ್ ಕಾಲಿಗೆ ಸೀಮೆಸುಣ್ಣದ ಗುರುತು ಮಾಡಿದ್ದೆ, ಇನ್ನೂ ಅಳಿಸಿಲ್ಲ. ಬೆಳಕು ಹರಿಯೋಕೆ ಟೈಮಿದೆ ಸರ್."

ವ್ಯಾನ್ ಹತ್ತಿದ್ದವರನ್ನೆಲ್ಲ ಅವಳೇ ಇಳಿಸಿದಳು. ಯಾವ ಲೈಟು ಎಲ್ಲಿತ್ತು ಅನ್ನೋದೂ ಅದೇ ಪುಟದಲ್ಲಿತ್ತು. ಮಾನಿಟರಿನಲ್ಲಿ ಹಳೇ ಶಾಟಿನ ಮೇಲೆ ಹೊಸದನ್ನು ಕೂಡಿಸಿ, ಕಿಟಕಿ ಅಂಚಿಗೆ ಅಂಚು ಸೇರುವವರೆಗೂ ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸಿದೆವು. ಆಮೇಲೆ ನಾನು ಖಾಲಿ ಮೆಟ್ಟಿಲಿಗೆ ಗಟ್ಟಿಯಾಗಿ ಆಕ್ಷನ್ ಹೇಳಿದೆ. ಅಭ್ಯಾಸಬಲ! ಅಷ್ಟು ಹೊತ್ತಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಗುವಿನಲ್ಲೇ ನನ್ನ ಸಿನಿಮಾ ನನಗೆ ವಾಪಸ್ ಸಿಕ್ಕಿತು.

ಮಾತಿಲ್ಲದೆ ಮತ್ತೆ ಲೈಟ್ ಹೊತ್ತ ಹುಡುಗರು, ಛಾಯಾಗ್ರಾಹಕರು, ಸೊಂಟ ಕೆಂಪಾಗುವವರೆಗೂ ಹಾರ್ನೆಸ್‌ನಲ್ಲಿ ನೇತಾಡಿದ ಹೀರೋಯಿನ್, ಸಿಜಿ ತಂಡ, ಡಬ್ಬಿಂಗ್‌ನವರು, ಎಲ್ಲರಿಗೂ ನಮಸ್ಕಾರ. ಸತ್ತೇ ಹೋಗಿದ್ದ ಒಂದು ಜೋಕಿನಿಂದ ಬರೀ 6 ಫ್ರೇಮ್, ಅಂದರೆ ಕಾಲು ಸೆಕೆಂಡ್, ಕತ್ತರಿಸಿ ಅದನ್ನು ಎಬ್ಬಿಸಿ ಕೂರಿಸಿದ ಎಡಿಟರಣ್ಣನಿಗೆ ಇನ್ನೊಂದು ಹೆಚ್ಚಿನ ನಮಸ್ಕಾರ.

ಇವತ್ತು ಆ ಶಾಟ್ ಬಂದಾಗ ಪಕ್ಕದ ಸೀಟಿನಲ್ಲಿದ್ದ ಕಂಟಿನ್ಯೂಟಿ ಹುಡುಗಿಯತ್ತ ನೋಡಿದೆ. ಅವಳ ಕಣ್ಣಲ್ಲೂ ನೀರಿರಬಹುದು ಅಂದುಕೊಂಡಿದ್ದೆ. ನನ್ನ ಕಿವಿ ಹತ್ತಿರ ಬಗ್ಗಿ, "ಹಿಂದಿನ ಶಾಟಲ್ಲಿ ಬಳೆ ಮೂರಿತ್ತು ಸರ್, ಇಲ್ಲಿ ಎರಡೇ ಇದೆ" ಅಂದಳು.